ಹೊನ್ನಯ್ಯ ಹೊಡೆದ ಹದಿನಾರು ರಿವಿಟ್ಟು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ರಿವಿಟ್ಟು ಹೊಡೆಯುತ್ತಿದ್ದ ಹೊನ್ನಯ್ಯನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡು, ಏನಾದರೊಂದು ನೆವ ಹೇಳಿ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಅವನ ಬಗ್ಗೆ ಬರೆಯುವುದು ಕಷ್ಟವಲ್ಲ. ಒಳ್ಳೆಯ ಕೆಲಸಗಾರ, ಒಳ್ಳೆಯ ಮನುಷ್ಯ, ಎರಡು ಪುಟದಲ್ಲಿ ಮುಗಿದುಹೋಗುತ್ತದೆ. ಆದರೆ ಅವನ ವಿಷಯದಲ್ಲಿ ನಿಜ ಬರೆಯಬೇಕೆಂದರೆ ನನ್ನ ವಿಷಯದಲ್ಲೂ ನಿಜ ಬರೆಯಬೇಕು. ತಡವಾದದ್ದು ಅದಕ್ಕೇ.

ಹೊನ್ನಯ್ಯ ಹುಟ್ಟಿದ್ದು ಭದ್ರಾವತಿಯ ಮಗ್ಗುಲಿನ ಒಂದು ಹಳ್ಳಿಯ ಊರಾಚೆಯ ಕೇರಿಯಲ್ಲಿ. ಅಂದರೆ ನಮ್ಮಂಥವರ ಮನೆಯ ಜಗಲಿ ಹತ್ತಲು ಆಗಿನ ಕಾಲಕ್ಕೆ ಅಪ್ಪಣೆ ಇಲ್ಲದವನು. ಕಾರ್ಖಾನೆ ಶುರುವಾದ ಹೊಸದರಲ್ಲಿ, ಇಪ್ಪತ್ತಮೂರನೆಯ ಇಸವಿಯ ಸುಮಾರಿಗೆ, ಹದಿನೇಳು ವರ್ಷದ ಹುಡುಗನಾಗಿ ಇದ್ದಿಲಿನ ಕುಕ್ಕೆ ಹೊರುವ ಕೂಲಿಗೆ ಸೇರಿಕೊಂಡ. ಎರಡು ವರ್ಷ ಇದ್ದಿಲು ಹೊತ್ತು ಹೊತ್ತು, ಉಗಿದರೂ ಕಪ್ಪಗೇ ಬೀಳುತ್ತಿತ್ತು ಎನ್ನುತ್ತಿದ್ದ. ಆಮೇಲೆ ಸೇಲಂ ಕಡೆಯ ಮೇಸ್ತ್ರಿಯೊಬ್ಬ ಇವನ ಕೈಚಳಕ ನೋಡಿ ತನ್ನ ಜೊತೆಗೆ ಹಾಕಿಕೊಂಡ. ಮೇಸ್ತ್ರಿ ಕೆಳಗೆ ಕುಲುಮೆಯಲ್ಲಿ ರಿವಿಟ್ಟನ್ನು, ಅಂದರೆ ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವ ದಪ್ಪ ಮೊಳೆಯನ್ನು, ಕಾಯಿಸಿ, ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಎಸೆಯುವುದು, ಇವನು ಅಟ್ಟಣಿಗೆಯ ಮೇಲೆ ನಿಂತು ಅದನ್ನು ತಗಡಿನ ಡಬ್ಬಿಯಲ್ಲಿ ಹಿಡಿಯುವುದು. ಮೊದಲ ವರ್ಷ ಡಬ್ಬಿಯಲ್ಲಿ ಹಿಡಿದದ್ದಕ್ಕಿಂತ ಮೈಮೇಲೆ ಬೀಳಿಸಿಕೊಂಡದ್ದೇ ಹೆಚ್ಚಂತೆ. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆಗಳಿದ್ದವು. ಅದನ್ನು ತೋರಿಸಿ, "ಇದು ನನ್ನ ಸ್ಕೂಲು ಸರ್ಟಿಫಿಕೇಟು" ಎಂದು ನಗುತ್ತಿದ್ದ.

ಇಪ್ಪತ್ತು ವರ್ಷ ಸುತ್ತಿಗೆ ಬಡಿದದ್ದರಿಂದ ಎಡಗಿವಿ ಪೂರಾ ಮಂದವಾಗಿತ್ತು. ಕಿವಿ ಮಂದವಾದವರ ಹಾಗೆ ಇವನೂ ಕೂಗಿಯೇ ಮಾತನಾಡುತ್ತಿದ್ದ. ಅವನು ಗುಟ್ಟು ಹೇಳಿದರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು. ನನಗಿಂತ ಒಂಬತ್ತು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದೆ. ಇಲ್ಲಿ ಬರೆಯುವಾಗಲೂ ಅದೇ ಬಂದಿದೆ, ನೋಡಿ. ತಿದ್ದಿದರೆ ಸುಳ್ಳಾಗುತ್ತದೆಂದು ಬಿಟ್ಟಿದ್ದೇನೆ.

ಇನ್ನು ನಾನು. ಹೆಸರು ಮುರುಗೇಶಪ್ಪ, ಶಿವಮೊಗ್ಗದ ದೊಡ್ಡಪೇಟೆಯಲ್ಲಿ ನಮ್ಮದು ಜವಳಿ ಅಂಗಡಿ. ತಂದೆ ಷಡಕ್ಷರಪ್ಪನವರು ತೀರಿಕೊಂಡ ಮೇಲೆ ಅಂಗಡಿ, ಅಮ್ಮ ಮತ್ತು ಒಂದು ಹಳೆಯ ಷವರ್ಲೆಟ್ ಕಾರು ನನ್ನ ಪಾಲಿಗೆ ಬಂದವು. ಮೇಲೆ ಕ್ಯಾನ್‌ವಾಸ್ ಹೊದಿಕೆ, ಕೆಳಗೆ ಮರದ ಹಲಗೆಯ ನೆಲ, ಎರಡೂ ಪಕ್ಕದಲ್ಲಿ ಹತ್ತಿ ನಿಲ್ಲಲು ಅಗಲವಾದ ಫುಟ್‌ಬೋರ್ಡು. ಕಾಫಿ ತೋಟದ ದೊರೆಯೊಬ್ಬನಿಂದ ತಂದೆ ಆಸೆಪಟ್ಟು ಕೊಂಡದ್ದು. ಅಮ್ಮನಿಗೆ ಅದು ಕಾರಲ್ಲ, ಗಂಡ. ತಂದೆ ಕೂರುತ್ತಿದ್ದ ಹಿಂದಿನ ಸೀಟಿಗೆ ದಿನಾ ಬೆಳಿಗ್ಗೆ ಕೈಮುಗಿದೇ ಒಳಗೆ ಹೋಗುತ್ತಿದ್ದಳು.

ನನಗೆ ಆ ದಿನಗಳಲ್ಲಿ ದೇಶಸೇವೆಯ ಹುಚ್ಚು. ಖಾದಿ ತೊಟ್ಟಿದ್ದೆ. ವಾಚನಾಲಯದ ಜಗಲಿಯ ಮೇಲೆ ನಿಂತು ಅಸ್ಪೃಶ್ಯತೆ ತೊಲಗಬೇಕೆಂದು ಎರಡು ಸಲ ಭಾಷಣ ಬಿಗಿದಿದ್ದೆ. ಮಠದ ಪ್ರವಚನದಲ್ಲಿ ಮೇಲುಕೀಳಿಲ್ಲ ಎಂದಾಗ ಎಲ್ಲರಿಗಿಂತ ಮೊದಲು ತಲೆದೂಗುತ್ತಿದ್ದವನೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ಬೇರೆಯವರಿಗಾಗಿ ಮಾಡಿದ್ದೆಂದು ತಿಳಿದಿದ್ದೆ.

ನಲವತ್ತನೆಯ ಇಸವಿಯ ಜನವರಿಯಲ್ಲಿ ಒಂದು ದಿನ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಂಗಡಿಗಳಿಗೆ ಸೀರೆ ಕೊಟ್ಟು ಹೊರಟಿದ್ದೆ. ದಾರಿಯಲ್ಲಿ ಒಂದು ಎತ್ತಿನ ಗಾಡಿ ಕೀಲು ಮುರಿದು ನಿಂತಿತ್ತು. ಗಾಡಿಯಲ್ಲಿ ಒಬ್ಬ ಹೆಂಗಸು ನೋವಿನಿಂದ ಹೊರಳಾಡುತ್ತಿದ್ದಳು. ಎರಡು ದಿನದಿಂದ ಹೆರಿಗೆಯ ನೋವು, ಮಗು ಇಳಿದಿಲ್ಲ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಗಂಡ ಬೀದಿಯಲ್ಲಿ ನಿಂತು ಬಂದ ಬಂದ ವಾಹನಕ್ಕೆಲ್ಲ ಕೈಮುಗಿಯುತ್ತಿದ್ದ. ಅವನೇ ಹೊನ್ನಯ್ಯ. ಅವಳು ಅವನ ಹೆಂಡತಿ ಪುಟ್ಟಲಕ್ಷ್ಮಿ.

ನಾನು ಕಾರು ನಿಲ್ಲಿಸಿದೆ. ಏಕೆ ನಿಲ್ಲಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲು ನಾನು ಕಾಣದವನ ಹಾಗೆ ಪಕ್ಕಕ್ಕೆ ತಿರುಗಿಸಿದ್ದೆ. ಆದರೆ ಅಂಗಡಿ ಸಾಲಿನ ಜನ ನೋಡುತ್ತಿದ್ದರು, ಅವರಲ್ಲಿ ಇಬ್ಬರು ನನ್ನ ಭಾಷಣ ಕೇಳಿದವರು. "ಓ, ಮುರುಗೇಶಪ್ಪೋರು! ಒಳ್ಳೇ ಟೈಮಿಗೆ ಬಂದ್ರಿ" ಎಂದು ಒಬ್ಬ ಕೂಗಿದ. ನನ್ನ ಮೈಮೇಲಿನ ಖಾದಿ ನನ್ನನ್ನು ನಿಲ್ಲಿಸಿತು. ಪುಟ್ಟಲಕ್ಷ್ಮಿಯನ್ನು ಹಿಂದಿನ ಸೀಟಿನ ಎಡಗಡೆಗೆ ಮಲಗಿಸಿದರು. ಹನ್ನೆರಡು ಮೈಲಿಯ ಆ ರಸ್ತೆಯಲ್ಲಿ ಗುಂಡಿಗಳಿಗೇನು ಬರವೇ? ಸೂಲಗಿತ್ತಿಯ ಕೈಯಲ್ಲಿ ಆಗದ ಕೆಲಸವನ್ನು ಗುಂಡಿಗಳೇ ಮಾಡಿದವು. ತುಂಗೆಯ ಸೇತುವೆ ಹತ್ತುವ ಮೊದಲೇ, ಕಾರಿನಲ್ಲೇ, ಹೆಣ್ಣುಮಗು ಹುಟ್ಟಿತು. ಹೊನ್ನಯ್ಯ ಅದಕ್ಕೆ ತುಂಗಮ್ಮ ಎಂದು ಹೆಸರಿಟ್ಟ.

ಅವತ್ತಿನಿಂದ ನಾನು ಅವನ ಪಾಲಿಗೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಓಲ್ಡ್ ಟೌನಿನಲ್ಲಿ ನನ್ನ ಕಾರು ಕಂಡರೆ ಎಲ್ಲಿದ್ದರೂ ಓಡಿ ಬರುತ್ತಿದ್ದ. ಜೊತೆಯವರಿಗೆ ನನ್ನನ್ನು ತೋರಿಸಿ, "ನಮ್ಮ ಹುಡುಗಿ ಹುಟ್ಟಿದ್ದು ಈ ಸಾರ್ ಕಾರಲ್ಲೇ ಕಣ್ರೋ. ಮೈಸೂರು ಅರಮನೇಲೂ ಮಕ್ಳು ನೆಲದ್ ಮೇಲೇ ಹುಟ್ತಾವೆ, ನಮ್ಮ ತುಂಗಿ ಕಾರಲ್ಲಿ ಹುಟ್ಟಿದ್ಲು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ನನಗೆ ಒಳಗೊಳಗೇ ಬಹಳ ಸುಖವಾಗುತ್ತಿತ್ತು.

ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಆ ದಿನ ನಾನು ಮನೆಗೆ ಬಂದಾಗ ಸೀಟಿನ ಮೇಲೆ ಅಂಗೈಯಗಲದ ರಕ್ತದ ಕಲೆ ಇತ್ತು. ಅಮ್ಮ ಕೇಳಿದಳು, ನಡೆದದ್ದು ಹೇಳಿದೆ. ಯಾವ ಜನ ಎಂದಳು. ಅದನ್ನೂ ಹೇಳಿದೆ. ಅಮ್ಮ ಕೆಟ್ಟವಳಲ್ಲ. "ಮಗು ಅತ್ತಿತಾ? ತಾಯಿ ಚೆನ್ನಾಗಿದಾಳಾ?" ಎಂದು ಮೊದಲು ಕೇಳಿದಳು. ಮಾರನೆಯ ದಿನ ಆಸ್ಪತ್ರೆಗೆ ಒಂದು ಗಿಂಡಿ ತುಪ್ಪವನ್ನೂ ತನ್ನ ಎರಡು ಮೆತ್ತನೆಯ ಹಳೆಯ ಸೀರೆಗಳನ್ನೂ ಕಳಿಸಿದಳು. ಆದರೆ ಆ ಸಂಜೆಯೇ ಕೊಟ್ಟಿಗೆಯಿಂದ ಒಂದು ಚೆಂಬು ಗಂಜಲ ಹಿಡಿದು ತಂದು ನನ್ನ ಕೈಗೆ ಕೊಟ್ಟು, "ಸೂತಕ, ಮೈಲಿಗೆ ಎರಡೂ ಆಗಿದೆ. ನಿಮ್ಮಪ್ಪ ಕೂತ ಜಾಗ. ಸುರಿದು ತೊಳಿ" ಎಂದಳು. ಹಸುವಿನ ಗಂಜಲ ಹಾಕಿದರೆ ಯಾವ ಮೈಲಿಗೆಯೂ ಹೋಗುತ್ತದೆಂಬುದು ನಮ್ಮ ಮನೆಯಲ್ಲಿ ಪ್ರಶ್ನೆ ಮಾಡುವ ವಿಷಯವೇ ಆಗಿರಲಿಲ್ಲ.

ನಾನು ಹೋಗಿ ಸುರಿದೆ. ಕಲೆ ಹೋಗಲಿಲ್ಲ. ಕಲೆ ಇರುವ ತನಕ ಮೈಲಿಗೆಯೂ ಇದ್ದಂತೆ ಎಂದು ಅಮ್ಮ ತೀರ್ಮಾನಿಸಿದಳು. ಹೀಗೆ ಪ್ರತಿ ಸೋಮವಾರ, ಪೂಜೆಗೆ ಮೊದಲು, ಹಿಂದಿನ ಸೀಟಿನ ಎಡಮೂಲೆಗೆ ಒಂದು ಚೆಂಬು ಗಂಜಲ ಹಾಕುವುದು ಪದ್ಧತಿಯಾಯಿತು. ಮೂರು ವರ್ಷ ಹಾಕಿದೆ. ನೂರೈವತ್ತು ಸೋಮವಾರವಾದರೂ ಆಗಿರಬೇಕು. ಆಳಿನ ಕೈಯಲ್ಲಿ ಹಾಕಿಸಬಹುದಿತ್ತು, ಬೀದಿಗೆ ಸುದ್ದಿಯಾಗುತ್ತದೆಂದು ನಾನೇ ಹಾಕುತ್ತಿದ್ದೆ. ಒಂದು ಸೋಮವಾರ ಗಂಜಲ ಹಾಕಿ ಕೈ ತೊಳೆದುಕೊಂಡು ನೇರವಾಗಿ ವಾಚನಾಲಯಕ್ಕೆ ಹೋಗಿ ಭಾಷಣ ಮಾಡಿದ್ದೂ ಉಂಟು.

ನಲವತ್ತಮೂರರ ಹೊತ್ತಿಗೆ ಕಾರು ಕೆಟ್ಟಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಎಡಗಡೆಯ ಹಿಂಬಾಗಿಲು ಎಷ್ಟು ಬಡಿದರೂ ಮುಚ್ಚಿಕೊಳ್ಳುತ್ತಿರಲಿಲ್ಲ, ಗುಂಡಿಗೆ ಇಳಿದಾಗಲೆಲ್ಲ ಕೆಳಗೆ ಎಲುಬು ಮುರಿದ ಹಾಗೆ ಕಟಕ್ಕೆಂದು ಸದ್ದಾಗುತ್ತಿತ್ತು. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು, ಬಿಡಿಭಾಗದ ಮಾತಂತೂ ಎತ್ತುವ ಹಾಗಿಲ್ಲ. ಶಿವಮೊಗ್ಗದ ಮೆಕ್ಯಾನಿಕ್ಕು ಬಗ್ಗಿ ನೋಡಿ, ಗುಜರಿಗೆ ಹಾಕಿ ಎಂದ. ಅಮ್ಮ ಎರಡು ಹೊತ್ತು ಊಟ ಬಿಟ್ಟಳು.

ಆ ವಾರವೇ ಓಲ್ಡ್ ಟೌನಿನಲ್ಲಿ ಹೊನ್ನಯ್ಯ ಕಾರು ನೋಡಿದ. ನೋಡಿದ ಕೂಡಲೇ ರಸ್ತೆಯ ಮೇಲೇ ಮಲಗಿ ಕೆಳಗೆ ತಲೆ ತೂರಿಸಿದ. ಎದ್ದು ಬಂದು, "ಸಾರ್, ಗಾಡಿ ಸೊಂಟ ಮುರಿದೈತೆ. ಚಾಸಿ ತುಕ್ಕು ತಿಂದೈತೆ. ಹಿಂಗೇ ಓಡ್ಸಿದ್ರೆ ಒಂದಿನ ಮುಂದಿನರ್ಧ ಅಂಗಡಿಗೆ ಹೋಗ್ತದೆ, ಹಿಂದಿನರ್ಧ ರಸ್ತೆಲೇ ಕೂತ್ಕಂತದೆ" ಎಂದ. ಚಾಸಿ ಎಂದರೆ ಕಾರಿನ ಅಡಿಯಲ್ಲಿ ಉದ್ದಕ್ಕೆ ಹೋಗುವ ಎರಡು ಕಬ್ಬಿಣದ ತೊಲೆ, ಇಡೀ ಬಂಡಿ ನಿಂತಿರುವುದೇ ಅದರ ಮೇಲೆ.

"ರಿಪೇರಿ ಆಗೋ ಹಾಗಿದೆಯಾ?" ಎಂದು ಕೇಳಿದೆ.

"ಯಾಕಾಗಲ್ಲ? ಕೊಳೆತಿದ್ದು ಕತ್ತರ್ಸಿ ಬಿಸಾಕಿ ಹೊಸ ಕಬ್ಬಿಣ ಕೂರಿಸಿ ರಿವಿಟ್ಟು ಹೊಡಿಬೇಕು. ನಿಮ್ಮ ಹಿತ್ತಲಲ್ಲೇ ಮಾಡ್ತೀನಿ. ಭಾನುವಾರ ಭಾನುವಾರ ರೈಲಿಗೆ ಬರ್ತೀನಿ. ಕೂಲಿ ಗೀಲಿ ಅಂದ್ರೆ ಮಾತ್ರ ಬರಲ್ಲ ನೋಡಿ. ನಮ್ಮ ತುಂಗಿ ಹುಟ್ಟಿದ ಗಾಡಿ ಇದು."

ನನಗೆ ಬೇಡವೆನ್ನಬೇಕೆನಿಸಿತು. ಬೇಡವೆನ್ನಲು ಕಾರಣ ಕೊಡಬೇಕಲ್ಲ? ಒಪ್ಪಿಕೊಂಡೆ. ಆ ಗಳಿಗೆಯಿಂದ ನನಗಿದ್ದ ಹೆದರಿಕೆ ಒಂದೇ: ಸೋಮವಾರದ ಚೆಂಬಿನ ವಿಷಯ ಹೊನ್ನಯ್ಯನಿಗೆ ತಿಳಿಯಬಾರದು. ಅವನ ಕಣ್ಣಿನಲ್ಲಿ ನಾನಿದ್ದ ಹಾಗೆ ಬೇರೆ ಯಾರ ಕಣ್ಣಿನಲ್ಲೂ ಇರಲಿಲ್ಲ, ನನ್ನ ಕಣ್ಣಿನಲ್ಲಿ ಕೂಡ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಮ್ಮನಿಗೆ ಭದ್ರಾವತಿಯಿಂದ ಒಬ್ಬ ಮೇಸ್ತ್ರಿ ಬರುತ್ತಾನೆ ಎಂದಷ್ಟೇ ಹೇಳಿದೆ. "ಯಾವ ಪೈಕಿ?" ಎಂದಳು. "ಕಾರ್ಖಾನೆ ಪೈಕಿ" ಎಂದೆ. ಅಮ್ಮ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು. ಹೊನ್ನಯ್ಯ ಹಿತ್ತಲ ಓಣಿಯಿಂದಲೇ ಬಂದ. ಮೊದಲ ಭಾನುವಾರ ಅಮ್ಮ ಅವನಿಗೆ ಬಾಳೆಯೆಲೆಯ ಮೇಲೆ ಅನ್ನ, ಸಾರು, ಎರಡು ಚಮಚ ತುಪ್ಪ ಹಾಕಿ ಬೇವಿನ ಮರದ ಕೆಳಗೆ ಬಡಿಸಿದಳು. ಕೆಲಸಗಾರ ಚೆನ್ನಾಗಿ ಉಂಡರೆ ಅವಳಿಗೆ ಸಂತೋಷ. ಹೊನ್ನಯ್ಯ ಎರಡು ಸಲ ಕೇಳಿ ಹಾಕಿಸಿಕೊಂಡ.

ಆ ದಿನ ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಚಕ್ರ ಕಳಚಿದೆವು. ಆಮೇಲೆ ಸೀಟು ತೆಗೆಯಬೇಕಾಯಿತು. ಎಡಮೂಲೆಯ ಕಲೆ ಗಂಜಲ ಬಿದ್ದು ಬಿದ್ದು ಕಂದಾಗಿತ್ತು, ಆದರೂ ಕಾಣುತ್ತಿತ್ತು. ಹೊನ್ನಯ್ಯ ಅದನ್ನು ನೋಡಿದ. ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು, ಆ ಕಲೆಯನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ದೇವರ ಪ್ರಸಾದವನ್ನು ಮಾಡುವ ಹಾಗೆ. ನಾನು ಬೇವಿನ ಮರದ ಕಡೆ ತಿರುಗಿ ನಿಂತೆ.

ಎರಡನೆಯ ಭಾನುವಾರ ನೆಲದ ಹಲಗೆಗಳನ್ನು ಕಿತ್ತ. ಎಡಗಡೆಯ ಹಲಗೆ ಕೈಯಲ್ಲಿ ಪುಡಿಯಾಯಿತು. ಅದರ ಕೆಳಗಿನ ಚಾಸಿಯ ತೊಲೆ ಮೇಲೆ ಕೆಳಗೆ ಅಂಚು ಮಡಿಸಿ, ಮಗ್ಗುಲಿಗೆ ನಿಲ್ಲಿಸಿದ ನೀರಿನ ದೋಣಿಯ ಹಾಗಿರುತ್ತದೆ. ಮೇಲಿನಿಂದ ಬಿದ್ದದ್ದೆಲ್ಲ ಅದರ ಕೆಳಗಿನ ಮಡಿಕೆಯಲ್ಲಿ ಮಣ್ಣಿನ ಜೊತೆ ಕೂತು ತಿನ್ನುತ್ತದೆ. ಹೊನ್ನಯ್ಯ ಉಳಿಯ ಮೊನೆಯಿಂದ ಮೆಲ್ಲಗೆ ಕುಟ್ಟಿದ. ತುಕ್ಕು ಪದರ ಪದರವಾಗಿ ಎದ್ದು ಬಂತು. ಕುಟ್ಟುತ್ತ ಹೋದ ಹಾಗೆ ಉಳಿ ಒಂದು ಕಡೆ ಆಚೆಗೇ ಹೊರಟುಹೋಯಿತು.

"ಸಾರ್, ಬನ್ನಿ ಇಲ್ಲಿ" ಎಂದು ಕರೆದ. "ಬಲಗಡೆ ತೊಲೆ ನೋಡಿ, ಹೊಸದರಂಗೈತೆ. ಎಡಗಡೆನೂ ಮುಂದೆ ಚೆನ್ನಾಗೈತೆ. ಈ ಒಂದೂವರೆ ಅಡಿ ಮಾತ್ರ ಹಿಂಗಾಗೈತೆ. ಮಳೆ ನೀರಾಗಿದ್ರೆ ಎಲ್ಲಾ ಕಡೆ ತಿನ್ಬೇಕಿತ್ತಲ್ಲ?"

ಒಂದು ಹಕ್ಕಳೆ ಮುರಿದು ಬೆರಳಲ್ಲಿ ಪುಡಿ ಮಾಡಿದ. ಒಳಗೆ ಬೆಳ್ಳಗೆ ಉಪ್ಪಿನಂಥದ್ದು ಕಂಡಿತು. ಮೂಗಿಗೆ ಹಿಡಿದ.

"ಇದು ನೀರಿನ ತುಕ್ಕಲ್ಲ ಸಾರ್, ಕೊಟ್ಟಿಗೆ ತುಕ್ಕು. ದನ ಕಟ್ಟೋ ಸರಪಳಿ ನೆಲಕ್ಕೆ ತಾಗೋ ಜಾಗದಲ್ಲಿ ಹಿಂಗೇ ಉದುರ್ತದೆ. ಇಲ್ಲಿ ಗಂಜಲ ಬಿದ್ದೈತೆ."

ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಗಂಜಲ ಕಬ್ಬಿಣವನ್ನು ತಿನ್ನುತ್ತದೆಂಬುದು ನನಗೂ ಅಮ್ಮನಿಗೂ ಹೊಳೆದೇ ಇರಲಿಲ್ಲ. ನಾವು ತೊಳೆಯುತ್ತಿದ್ದದ್ದು ಮೈಲಿಗೆಯನ್ನು, ತೊಳೆದುಹೋದದ್ದು ಅಪ್ಪನ ಕಾರು.

"ಆಯನೂರಿಂದ ಒಂದು ಸಲ ಕರು ತಂದಿದ್ದೆ ಹೊನ್ನಯ್ಯ" ಎಂದೆ. "ಹಿಂದೆ ಕಟ್ಟಿದ್ದೆ. ಅದೇ ಹೊಯ್ದಿರಬೇಕು."

"ಕರು ಒಂದು ಸಲ ಉಚ್ಚೆ ಹೊಯ್ದ್ರೆ ಚಾಸಿ ತೂತಾಗ್ತದಾ ಸಾರ್? ವರ್ಷಗಟ್ಲೆ ಬಿದ್ದಿರ್ಬೇಕು" ಎನ್ನುತ್ತ ಅವನು ಮತ್ತೆ ಕಾರಿನ ಕೆಳಗೆ ತೂರಿ, ಬಲಮಗ್ಗುಲಾಗಿ ಮಲಗಿ ಕುಟ್ಟತೊಡಗಿದ.

ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಹೊನ್ನಯ್ಯನ ಗಂಟಲಿಗೆ ಅಷ್ಟು ದೂರ ಯಾವ ಲೆಕ್ಕ? ಎಲ್ಲ ಅವಳ ಕಿವಿಗೆ ಬಿದ್ದಿತ್ತು.

"ಕರುವೂ ಇಲ್ಲ, ಗಿರುವೂ ಇಲ್ಲ. ಯಾಕೋ ಸುಳ್ಳು ಹೇಳ್ತೀಯ ಮಾರಾಯ?" ಎಂದು ಅಲ್ಲಿಂದಲೇ ಅಂದಳು. "ಮೇಸ್ತ್ರಿ, ಆ ಸೀಟಲ್ಲಿ ಮೂರು ವರ್ಷದ ಹಿಂದೆ ಯಾರೋ ಕೇರಿ ಹೆಂಗಸು ಹೆತ್ತಳಪ್ಪ. ಪಾಪ, ನಮ್ಮ ಹುಡುಗನೇ ಕರ್ಕೊಂಡು ಬಂದಿದ್ದ. ಕಲೆ ಹೋಗ್ಲಿಲ್ಲ ನೋಡು. ಅದಕ್ಕೇ ಸೋಮವಾರ ಸೋಮವಾರ ಇವನ ಕೈಲೇ ಗಂಜಲ ಹಾಕಿಸ್ತೀನಿ. ಅದರಿಂದೇನಾದ್ರೂ ಆಯ್ತಾ?"

ಕಾರಿನ ಕೆಳಗೆ ಕುಟ್ಟುವ ಸದ್ದು ನಿಂತಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸುವುದು ಹೇಗಿರುತ್ತದೆಂದು ಅವತ್ತು ತಿಳಿಯಿತು. ಎಷ್ಟು ಹೊತ್ತೋ ಗೊತ್ತಿಲ್ಲ, ನಾಲ್ಕು ಉಸಿರಿನಷ್ಟು ಇರಬಹುದು. ಮತ್ತೆ ಕುಟ್ಟುವ ಸದ್ದು ಶುರುವಾಯಿತು. ಅಮ್ಮನ ಪ್ರಶ್ನೆಗೆ ಉತ್ತರ ಬರಲಿಲ್ಲ. "ಕೇಳ್ಸಲ್ಲ ಅನ್ಸುತ್ತೆ" ಎಂದು ಅಮ್ಮ ಅಕ್ಕಿ ಕೇರುವುದಕ್ಕೆ ತಿರುಗಿದಳು.

ಕೇಳಿಸಲಿಲ್ಲ! ನಾನು ಲೆಕ್ಕ ಹಾಕಿದೆ. ಅವನು ಬಲಮಗ್ಗುಲಾಗಿ ಮಲಗಿದ್ದಾನೆ, ಅಂದರೆ ಒಳ್ಳೆಯ ಕಿವಿ ನೆಲಕ್ಕೆ ಒತ್ತಿದೆ, ಮೇಲಿರುವುದು ಕೆಟ್ಟ ಕಿವಿ. ಮೇಲಾಗಿ ಸುತ್ತಿಗೆಯ ಸದ್ದು. ಸದ್ದು ನಿಂತದ್ದು ಉಳಿ ಬದಲಾಯಿಸಲು ಇರಬೇಕು. ಒಬ್ಬ ಮನುಷ್ಯನ ಕಿವುಡಿಗೆ ಇನ್ನೊಬ್ಬ ಅಷ್ಟು ಕೃತಜ್ಞನಾದದ್ದು ಬೇರೆ ಎಲ್ಲೂ ಇರಲಾರದು. ಸಂಜೆ ಎದ್ದು ಬಂದಾಗ ಅವನ ಮುಖ ನೋಡಿದೆ. ತುಕ್ಕಿನ ಪುಡಿ ಬಿಟ್ಟರೆ ಬೇರೇನೂ ಕಾಣಲಿಲ್ಲ. "ಇಷ್ಟು ಕತ್ತರ್ಸಿ ತೆಗಿಬೇಕು ಸಾರ್. ಗುಜರೀಲಿ ಲಾರಿ ಚಾಸಿ ತುಂಡು ಸಿಕ್ಕಿದ್ರೆ ತಂದಿಟ್ಟಿರಿ" ಎಂದು ಹೇಳಿ ರೈಲಿಗೆ ಹೋದ.

ಮೂರನೆಯ ಭಾನುವಾರ ಬರುವಾಗ ಊಟದ ಗಂಟು ತಂದಿದ್ದ. ಅಮ್ಮ ಎಲೆ ಹಾಕಲು ಬಂದಳು. "ಬೇಡ ತಾಯಿ, ಹೆಂಡ್ತಿ ಕಟ್ಟಿ ಕೊಟ್ಟವ್ಳೆ" ಎಂದ. "ಯಾಕಪ್ಪ, ನಮ್ಮನೆ ಅನ್ನ ಸೇರ್ಲಿಲ್ವಾ?" ಎಂದು ಅಮ್ಮ ಬೇಸರ ಮಾಡಿಕೊಂಡಳು. ಅವನು ನಕ್ಕು, ಓಣಿಯ ಕಲ್ಲಿನ ಮೇಲೆ ಹೋಗಿ ಕೂತು ರಾಗಿಮುದ್ದೆ ಮುರಿದ. ನೀರನ್ನೂ ಓಣಿಯ ನಲ್ಲಿಯಲ್ಲೇ ಕುಡಿದ. ನಾನು ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡೆ. ಪಥ್ಯವಿರಬಹುದು ಎಂದುಕೊಂಡೆ. ಮನಸ್ಸಿಗೆ ಬೇಡವಾದದ್ದಕ್ಕೆ ನೆವ ಹುಡುಕುವುದರಲ್ಲಿ ನನ್ನಷ್ಟು ಚುರುಕಾದವನು ದೊಡ್ಡಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ.

ಅವನ ಕೆಲಸದ ರೀತಿಯನ್ನು ಹೇಳದೆ ಮುಂದೆ ಹೋಗಲಾರೆ. ಕೊಳೆತ ಭಾಗ ಒಂದೂವರೆ ಅಡಿ, ಅವನು ಎರಡೂಕಾಲು ಅಡಿ ಕತ್ತರಿಸಿದ. "ಯಾಕೆ ಅಷ್ಟು? ಮೇಲೆ ಒಂದು ತಗಡು ಹಾಕಿ ಮುಚ್ಚಿದರಾಗದೇ?" ಎಂದೆ. "ತುಕ್ಕು ಒಳಗಿಟ್ಟು ಮೇಲೆ ತಗಡು ಹೊಡೆದ್ರೆ, ಕಳ್ಳನ್ನ ಒಳಗಿಟ್ಟು ಬಾಗ್ಲು ಹಾಕ್ದಂಗೆ ಸಾರ್. ಬೆಳ್ಳಗಿರೋ ಕಬ್ಬಿಣ ಕಾಣೋವರ್ಗೂ ಕೆರಿಬೇಕು" ಎಂದ. ಲಾರಿ ಚಾಸಿಯ ತುಂಡನ್ನು ಒಂದಿಡೀ ದಿನ ಅರ ಹಾಕಿ ಉಜ್ಜಿ, ಹಳೆಯ ತೊಲೆಯ ಒಳಗೆ ಕೈಗವಸಿನಲ್ಲಿ ಕೈ ಕೂರುವ ಹಾಗೆ ಕೂರುವಂತೆ ಮಾಡಿದ. ಬೈರಿಗೆಯಲ್ಲಿ ಹದಿನಾರು ತೂತು ಕೊರೆದ. ನಾನಾದರೆ ಹತ್ತಕ್ಕೇ ಸಾಕೆನ್ನುತ್ತಿದ್ದೆ.

ನಾಲ್ಕನೆಯ ಭಾನುವಾರ ರಿವಿಟ್ಟಿನ ದಿನ. ಹಿತ್ತಲಲ್ಲಿ ಇದ್ದಿಲಿನ ಒಲೆ ಹೂಡಿ, ಅಕ್ಕಸಾಲಿಗರ ಮನೆಯಿಂದ ತಿದಿ ತಂದಿದ್ದೆವು. ರಿವಿಟ್ಟು ಕೆಂಪಾಗಿ, ಕೆಂಪು ಹಳದಿಗೆ ತಿರುಗುವ ಹೊತ್ತಿಗೆ ಇಕ್ಕಳದಲ್ಲಿ ತೆಗೆದು ತೂತಿಗೆ ಹಾಕುತ್ತಿದ್ದ. ಹೊರಗಡೆ ನಾನು ದಪ್ಪ ಕಬ್ಬಿಣವೊಂದನ್ನು ಅದರ ತಲೆಗೆ ಒತ್ತಿ ಹಿಡಿಯಬೇಕು, ಒಳಗಡೆಯಿಂದ ಅವನು ಬಡಿದು ಇನ್ನೊಂದು ತಲೆ ಮಾಡಬೇಕು. ತೊಲೆಯ ಆಚೆಗೆ ಅವನ ಮುಖ, ಈಚೆಗೆ ನನ್ನ ಮುಖ, ನಡುವೆ ಒಂದು ಮೊಳ ಜಾಗ. ಅವನು ಬಡಿದ ಪ್ರತಿ ಪೆಟ್ಟೂ ನನ್ನ ಭುಜದವರೆಗೆ ಬರುತ್ತಿತ್ತು.

ಒಂಬತ್ತನೆಯದೋ ಹತ್ತನೆಯದೋ ರಿವಿಟ್ಟಿಗೆ ನನಗೆ ತಡೆಯಲಾಗಲಿಲ್ಲ. ಹೇಳಿಬಿಡಬೇಕು ಅನ್ನಿಸಿತು. ಕೇಳಿಸಿರಲಿ ಬಿಡಲಿ, ನನ್ನ ಬಾಯಿಂದಲೇ ಕೇಳಲಿ, ಉಗಿಯಲಿ.

"ಹೊನ್ನಯ್ಯ, ನಿನಗೆ ಒಂದು ಮಾತು ಹೇಳಬೇಕು" ಎಂದು ಕೂಗಿದೆ.

"ಈಗ್ ಬೇಡ ಸಾರ್, ಬಿಸಿ ಆರ್ತದೆ. ಹಿಡ್ಕಳ್ಳಿ ಗಟ್ಟಿಯಾಗಿ" ಎಂದ ಅವನು. ಆ ರಿವಿಟ್ಟು ಮುಗಿಯಿತು. ಇಕ್ಕಳ ಕೆಳಗಿಟ್ಟು, ಬೆವರು ಒರೆಸಿಕೊಂಡು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, "ಏನೋ ಅಂದ್ರಲ್ಲ ಸಾರ್?" ಎಂದು ಕೇಳಿದ. ಕೇಳಿ ಕಾದ. ನನ್ನ ಕಣ್ಣನ್ನೇ ನೋಡುತ್ತ ಕಾದ. ಅಷ್ಟು ಹೊತ್ತಿಗೆ ನನ್ನ ಬಿಸಿಯೂ ಆರಿತ್ತು.

"ಇದ್ದಿಲು ಸಾಕಾಗುತ್ತಾ ಅಂತ ಕೇಳಿದೆ" ಎಂದೆ.

"ಸಾಕಾಗ್ತದೆ" ಎಂದು ಅವನು ಮುಂದಿನ ರಿವಿಟ್ಟನ್ನು ಬೆಂಕಿಗೆ ಹಾಕಿದ.

ಐದನೆಯ ಭಾನುವಾರ ತೊಲೆಗೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದು, ಹೊಸ ಹಲಗೆ ಹಾಕಿ, ಸೀಟು ಕೂರಿಸಿ, ಚಕ್ರ ತೊಡಿಸಿದೆವು. ಎಡಗಡೆಯ ಹಿಂಬಾಗಿಲನ್ನು ಹೊನ್ನಯ್ಯ ಒಂದು ಬೆರಳಿನಿಂದ ತಳ್ಳಿದ. ಟಕ್ಕೆಂದು ಮುಚ್ಚಿಕೊಂಡಿತು. ಅಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ವಿಭೂತಿ ಎಳೆದು, "ಮೇಸ್ತ್ರಿ, ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕಪ್ಪ" ಎಂದಳು. "ಗಾಡಿ ಗಟ್ಟಿಯಾಗೈತೆ ತಾಯಿ, ಅಷ್ಟು ಸಾಕು" ಎಂದ.

ಅವನ ಸಂಜೆಯ ರೈಲಿಗೆ ಹೊತ್ತಾಗಿತ್ತು. ಸ್ಟೇಷನ್ನಿನವರೆಗೆ ಕಾರಿನಲ್ಲೇ ಹೋಗೋಣ, ಓಡಿಸಿ ನೋಡಿದ ಹಾಗೂ ಆಗುತ್ತದೆ ಎಂದೆ. ಓಣಿಯಿಂದ ಕಾರು ಬೀದಿಗೆ ತಂದು, ಹಿಂಬಾಗಿಲು ತೆರೆದು, ಹತ್ತು ಎಂದೆ. ಹೊನ್ನಯ್ಯ ತನ್ನ ಹತ್ಯಾರದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ನಾನು ತೆರೆದ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಫುಟ್‌ಬೋರ್ಡಿನ ಮೇಲೆ ನಿಂತುಕೊಂಡ.

"ಇದೇನು? ಒಳಗೆ ಕೂತ್ಕೊ."

"ಇಲ್ಲೇ ಆಯ್ತು ಸಾರ್."

"ಕೂತ್ಕೊ ಮಾರಾಯ. ನೀನು ರಿಪೇರಿ ಮಾಡಿದ ಗಾಡಿ."

ಹೊನ್ನಯ್ಯ ಬಗ್ಗಿ ನನ್ನ ಮುಖದ ಹತ್ತಿರ ಬಂದ. ಜೀವಮಾನದಲ್ಲಿ ಕೂಗಿಯೇ ಮಾತಾಡಿದ ಮನುಷ್ಯ ಅವತ್ತು ಮಾತ್ರ ಮೆಲ್ಲಗೆ ಮಾತಾಡಿದ. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಕೇಳಿಸಬಾರದೆಂದೇ ಇರಬೇಕು.

"ನಾನು ಕೂತ್ರೆ ನೀವು ಮತ್ತೆ ತೊಳೀಬೇಕಾಗ್ತದೆ ಸಾರ್. ಆ ಗಂಜಲ ಬಿದ್ರೆ ಈ ರಿವಿಟ್ಟೂ ಬಾಳಲ್ಲ. ಕಷ್ಟಪಟ್ಟು ಹೊಡ್ದಿದೀನಿ."

ಸಿಟ್ಟಿರಲಿಲ್ಲ. ಚುಚ್ಚುವ ಧ್ವನಿಯೂ ಅಲ್ಲ. ಬಾವಿಯ ರಾಟೆಗೆ ಎಣ್ಣೆ ಬಿಡಿ ಎಂದು ಹೇಳುವ ಹಾಗೆ ಹೇಳಿದ. ನನಗೆ ಬೈಗುಳ ಬೇಕಾಗಿತ್ತು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು, ಕಾಲಿಗಾದರೂ ಬೀಳಬಹುದಿತ್ತು. ಕಬ್ಬಿಣದ ಮಾತಿಗೆ ನಾನು ಏನು ಹೇಳಲಿ? ಕಾರು ಹೊರಡಿಸಿದೆ. ದೊಡ್ಡಪೇಟೆಯ ಉದ್ದಕ್ಕೂ, ಗುರುತಿನವರೆಲ್ಲ ನೋಡುತ್ತಿದ್ದ ಹಾಗೆ, ಖಾಲಿ ಸೀಟು ಹೊತ್ತುಕೊಂಡು, ಬಾಗಿಲ ಅಂಚು ಹಿಡಿದು ಹೊರಗೆ ನಿಂತ ಹೊನ್ನಯ್ಯನನ್ನು ಒಯ್ದೆ. ನೋಡಿದವರು ಕ್ಲೀನರ್ ಎಂದುಕೊಂಡಿರಬೇಕು. ಗುಂಡಿ ಬಂದಾಗ ಅವನು ತಲೆ ಬಾಗಿಸಿ ಕೆಳಗಿನ ಸದ್ದು ಕೇಳುತ್ತಿದ್ದ. ಯಾವ ಸದ್ದೂ ಬರಲಿಲ್ಲ.

ಸ್ಟೇಷನ್ನಿನಲ್ಲಿ ಇಳಿದು, ಹೆಗಲ ಮೇಲಿನ ಟವಲು ತೆಗೆದು, ತಾನು ಹಿಡಿದುಕೊಂಡಿದ್ದ ಬಾಗಿಲ ಅಂಚನ್ನು ಒರೆಸಿದ. "ಬರ್ತೀನಿ ಸಾರ್" ಎಂದ. ನಾನು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ. ಇಳಿದು ಹೋಗಿ ಅವನ ಕೈ ಹಿಡಿಯಬೇಕೆಂದು ಕಾಲು ಎರಡು ಸಲ ಎದ್ದಿತು. ಪ್ಲಾಟ್‌ಫಾರಂ ತುಂಬ ಜನರಿದ್ದರು. ಮೊದಲ ಸಲ ಜನರಿದ್ದರೆಂದು ಕಾರು ನಿಲ್ಲಿಸಿದೆ, ಈ ಸಲ ಜನರಿದ್ದರೆಂದು ಇಳಿಯಲಿಲ್ಲ.

ಮಾರನೆಯ ದಿನ ಸೋಮವಾರ. ಸೀಟು ಮತ್ತೆ ತನ್ನ ಜಾಗಕ್ಕೆ ಬಂದಿತ್ತಲ್ಲ, ಅಮ್ಮ ಎಂದಿನಂತೆ ಕೊಟ್ಟಿಗೆಯಿಂದ ಚೆಂಬು ಹಿಡಿದು ಬಂದಳು. ರಾತ್ರಿಯೆಲ್ಲ ನಾನು ಅದಕ್ಕೇ ತಯಾರಾಗಿದ್ದೆ. ಆ ಮೇಸ್ತ್ರಿ ಯಾರೆಂದು ಹೇಳಬೇಕು, ಆ ಸೀಟಿನ ಕಲೆ ಅವನ ಮಗಳು ಹುಟ್ಟಿದ ಕಲೆ ಎಂದು ಹೇಳಬೇಕು, ನೀನು ಮಾಡಿಸಿದ್ದು ತಪ್ಪು, ನಾನು ಮಾಡಿದ್ದು ಅದಕ್ಕಿಂತ ತಪ್ಪು ಎಂದು ಹೇಳಬೇಕು. ಮಾತುಗಳೆಲ್ಲ ಸಾಲಾಗಿ ನಿಂತಿದ್ದವು.

"ಬೇಡಮ್ಮ" ಎಂದೆ. "ಗಂಜಲ ಹಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತಂತೆ. ಮೇಸ್ತ್ರಿ ಹೇಳಿದ."

ಕಬ್ಬಿಣಕ್ಕೆ ಆಗುವುದಿಲ್ಲ ಎಂದೆ. ಮನುಷ್ಯನಿಗೆ ಆಗುವುದಿಲ್ಲ ಎನ್ನಲು ಇಪ್ಪತ್ತೆಂಟು ವರ್ಷದ ಗಂಡಸಿಗೆ ಬಾಯಿ ಬರಲಿಲ್ಲ.

ಅಮ್ಮ ಕೈಯಲ್ಲಿದ್ದ ಚೆಂಬನ್ನೊಮ್ಮೆ ನೋಡಿದಳು. "ಹೌದಾ? ಹಂಗಾದ್ರೆ ಬೇಡ ಬಿಡು" ಎಂದು ಒಳಗೆ ಹೋದಳು. ನನಗೆ ಉಸಿರು ಬಂತು. ಅಷ್ಟರಲ್ಲಿ ಇನ್ನೊಂದು ಚೆಂಬು ಹಿಡಿದು ಬಂದು, "ಅರಿಶಿನದ ನೀರು. ಇದು ಕಬ್ಬಿಣಕ್ಕೆ ಏನೂ ಮಾಡಲ್ಲ" ಎಂದು ನನ್ನ ಮುಂದೆ ಹಿಡಿದಳು.

ನಾನು ಚೆಂಬು ತೆಗೆದುಕೊಂಡು ಕಾರಿನ ಕಡೆಗೆ ಹೋದೆ.